ಶ್ರೀಲಂಕಾ ಯಾತ್ರೆ: ಅಮ್ಮನಿಗೆ ಅಶೋಕವನ, ನನಗೆ ಅನುರಾಧಪುರ. ಒಂದು ವಾರದಲ್ಲಿ ಎರಡೂ ಆಗುತ್ತದೆಯೇ?

ಮಲೆನಾಡಮಳೆ:
ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಶ್ರೀಲಂಕೆಗೆ ಹೊರಟಿದ್ದೇನೆ. ಕೈಯಲ್ಲಿರುವುದು ಒಂದು ವಾರದ ರಜೆ. ಅಮ್ಮನಿಗೆ ಅರವತ್ತೆಂಟು, ಮಂಡಿನೋವು ಇದೆ, ಹಟದಲ್ಲಿ ಮಾತ್ರ ನನಗಿಂತ ಗಟ್ಟಿ. ಅವರು ಕೇಳುತ್ತಿರುವುದು ಅಶೋಕವನ ಎಂದು ನಂಬುವ ಸೀತಾ ಎಲಿಯ, ರಾವಣನ ಗುಹೆ, ತ್ರಿಕೋಣಮಲೆ. ನನಗೆ ಬೇಕಾಗಿರುವುದು ಹಳೆಯ ರಾಜಧಾನಿಗಳಾದ ಅನುರಾಧಪುರ, ಪೊಲೊನ್ನರುವ, ಬಂಡೆಯ ಮೇಲಿನ ಅರಮನೆ ಸಿಗಿರಿಯ, ಆಮೇಲೆ ಕ್ಯಾಂಡಿ.

ಒಬ್ಬ ಪ್ರವಾಸ ಏಜೆಂಟರನ್ನು ಕೇಳಿದೆ. ಇಷ್ಟನ್ನೂ ಆರು ದಿನಕ್ಕೆ ತುರುಕಿ, ಜೊತೆಗೆ ರತ್ನದ ಅಂಗಡಿ, ಮಸಾಲೆ ತೋಟ, ಆಮೆ ಸಾಕಣೆ ಕೇಂದ್ರವನ್ನೂ ಸೇರಿಸಿ ಕೊಟ್ಟಿದ್ದಾರೆ. ಅನುರಾಧಪುರಕ್ಕೆ ಅವರು ಇಟ್ಟಿರುವುದು ಎರಡು ಗಂಟೆ! ಹೋಗಿ ಬಂದವರು ಹೇಳಿ: ಯಾವುದನ್ನು ಬಿಡಲಿ? ಸಿಗಿರಿಯ ಹತ್ತಲು ಅಮ್ಮನಿಗೆ ಆಗುತ್ತದೆಯೇ? ಸಸ್ಯಾಹಾರ ಸಿಗುತ್ತದೆಯೇ?

ತಿಂಡಿಪೋತ:
ಮೊದಲು ಆ ಮಸಾಲೆ ತೋಟವನ್ನು ಬಿಡಿ. ಮಲೆನಾಡಿನವರಿಗೆ ಏಲಕ್ಕಿ ಗಿಡ ತೋರಿಸಲು ದುಡ್ಡು ಕೇಳುತ್ತಾರೆಂದರೆ ಏನು ಹೇಳುವುದು.

ಕೊಲಂಬೊಕನ್ನಡಿಗ:
ಇಲ್ಲಿಯೇ ನೆಲೆಸಿರುವವನು ಹೇಳುತ್ತಿದ್ದೇನೆ, ನಕ್ಷೆಯಲ್ಲಿ ದ್ವೀಪ ಚಿಕ್ಕದಾಗಿ ಕಾಣುತ್ತದೆ, ರಸ್ತೆಗಿಳಿದರೆ ಹಾಗಲ್ಲ. ಕ್ಯಾಂಡಿಯಿಂದ ನುವರ ಎಲಿಯಕ್ಕೆ ಎಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. ಘಾಟಿ ರಸ್ತೆ, ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ಅದೇ ಅನುರಾಧಪುರ, ದಂಬುಲ್ಲ, ಸಿಗಿರಿಯ, ಪೊಲೊನ್ನರುವ ಎಲ್ಲ ಬಯಲುಸೀಮೆಯಲ್ಲಿ ಒಂದಕ್ಕೊಂದು ಹತ್ತಿರ.

ನನ್ನ ಸಲಹೆ: ವಿಮಾನ ಇಳಿದು ಕೊಲಂಬೊ ಊರಿನೊಳಗೆ ಹೋಗಲೇಬೇಡಿ. ಕಟುನಾಯಕ ವಿಮಾನ ನಿಲ್ದಾಣದಿಂದ ನೇರವಾಗಿ ಚಿಲಾವ್, ಪುತ್ತಲಂ ಮೂಲಕ ಅನುರಾಧಪುರಕ್ಕೆ ನಡೆಯಿರಿ. ಚಿಲಾವ್ ಪಕ್ಕದಲ್ಲೇ ಮುನ್ನೇಶ್ವರಂ ಇದೆ. ರಾವಣನನ್ನು ಕೊಂದ ಬ್ರಹ್ಮಹತ್ಯಾ ದೋಷ ಕಳೆಯಲು ರಾಮ ಶಿವನನ್ನು ಪೂಜಿಸಿದ ಜಾಗ ಎಂಬ ಐತಿಹ್ಯ ಅದಕ್ಕಿದೆ. ಮೊದಲ ದಿನವೇ ಅಮ್ಮನ ಮುಖ ಅರಳುತ್ತದೆ. ಆಮೇಲೆ ಅನುರಾಧಪುರದಲ್ಲಿ ಎರಡು ರಾತ್ರಿ, ದಂಬುಲ್ಲ ಸುತ್ತಮುತ್ತ ಎರಡು ರಾತ್ರಿ, ಕ್ಯಾಂಡಿ ಒಂದು, ನುವರ ಎಲಿಯ ಒಂದು. 'ಎಲ್ಲ' ಎಂಬ ಊರಿನ ಕಡೆಯ ರಾವಣ ಗುಹೆ ಬೇಡ, ಮೆಟ್ಟಿಲು ಕಡಿದು, ಮಂಡಿಗೆ ಆಗದು.

ಭಕ್ತಿಪಥ:
ಬೇರೆ ಏನು ಬಿಟ್ಟರೂ ಸೀತಾ ಎಲಿಯ ಬಿಡಬೇಡಿ. ತೊರೆಯ ಪಕ್ಕದಲ್ಲೇ ಗುಡಿ, ಬಂಡೆಯ ಮೇಲೆ ಹನುಮಂತನ ಹೆಜ್ಜೆ ಎಂದು ತೋರಿಸುವ ಗುಳಿಗಳು, ಹಿಂದೆ ಹಕ್ಗಲ ಬೆಟ್ಟ. ನನ್ನ ಅತ್ತೆಯವರು ಅಲ್ಲಿ ಕುಳಿತು ಸುಂದರಕಾಂಡ ಓದಲು ಶುರುಮಾಡಿದರು. ಚಾಲಕನು ಹಾರ್ನ್ ಹೊಡೆದು ಹೊಡೆದು ಸುಸ್ತಾದ.

ಶಾಸನಪ್ರಿಯ:
ನಂಬಿಕೆಗೆ ಅಡ್ಡಿಯಿಲ್ಲ. ಆದರೆ ಸರ್ಕಾರದ ಪ್ರವಾಸೋದ್ಯಮದವರು ಭಾರತೀಯರನ್ನು ಸೆಳೆಯಲೆಂದೇ ಈ ಜಾಗಗಳನ್ನೆಲ್ಲ ಪೋಣಿಸಿ 'ರಾಮಾಯಣ ಪಥ' ಎಂದು ಮಾರತೊಡಗಿದ್ದು ತೀರಾ ಇತ್ತೀಚೆಗೆ. ಪುರಾತತ್ತ್ವಜ್ಞ ಎಚ್. ಡಿ. ಸಂಕಾಲಿಯಾ ಅವರಂತೂ ರಾಮಾಯಣದ ಲಂಕೆ ಮಧ್ಯ ಭಾರತದಲ್ಲೇ ಇತ್ತು ಎಂದು ವಾದಿಸಿದ್ದರು. ಇರುವುದು ಒಂದೇ ವಾರ. ಎರಡು ಸಾವಿರ ವರ್ಷದ ಇಟ್ಟಿಗೆ ಕಣ್ಣೆದುರು ನಿಂತಿರುವಾಗ ದಾಖಲೆಯೇ ಇಲ್ಲದ ಗುಳಿಗಳನ್ನು ನೋಡಲು ಘಾಟಿ ಹತ್ತಬೇಕೇ?

ಭಕ್ತಿಪಥ:
ಆನೆಗೊಂದಿಗೆ ಹೋಗಿ ಕಿಷ್ಕಿಂಧೆಯ ದಾಖಲೆ ಕೇಳಿದ್ದೀರಾ ಸರ್? ಅಂಜನಾದ್ರಿಯ ಮೆಟ್ಟಿಲು ಹತ್ತುವವರು ಜೇಬಿನಲ್ಲಿ ಶಾಸನದ ಪಡಿಯಚ್ಚು ಇಟ್ಟುಕೊಂಡು ಹತ್ತುತ್ತಾರೆಯೇ?

ಶಾಸನಪ್ರಿಯ:
ಆನೆಗೊಂದಿಗೆ ಹೋದರೆ ಪಕ್ಕದಲ್ಲೇ ಹಂಪಿಯೂ ಸಿಗುತ್ತದೆ. ಇಲ್ಲಿ ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು. ನಾನು ಹೇಳಿದ್ದು ಇಷ್ಟೇ.

ಪುಟ್ಟಕ್ಕ_ಧಾರವಾಡ:
ಇಬ್ಬರೂ ಜಗಳ ನಿಲ್ಲಿಸಿ. ಅವರ ತಾಯಿ ಕೇಳುತ್ತಿರುವುದು ದರ್ಶನ, ಪಿಎಚ್‌.ಡಿ. ಅಲ್ಲ.

ಅಂದ ಹಾಗೆ, ನುವರ ಎಲಿಯ ದಾಟಿ ವೆಲಿಮಡದ ಕಡೆ ಹೋದರೆ ದಿವುರುಂಪೊಲ ಎಂಬ ಬೌದ್ಧ ವಿಹಾರವಿದೆ. ಸೀತೆಯ ಅಗ್ನಿಪರೀಕ್ಷೆ ಆದದ್ದು ಅಲ್ಲೇ ಎನ್ನುತ್ತಾರೆ. ಊರಿನವರು ಈಗಲೂ ವ್ಯಾಜ್ಯ ಬಂದಾಗ ಅಲ್ಲಿಗೆ ಹೋಗಿ ಆಣೆ ಮಾಡುತ್ತಾರೆ. ಪ್ರವಾಸೋದ್ಯಮದವರು ಹುಟ್ಟಿಸಿದ್ದು ಎಂದು ಎಲ್ಲವನ್ನೂ ತಳ್ಳಿಹಾಕಲು ಬರುವುದಿಲ್ಲ ಶಾಸನಪ್ರಿಯರೇ.

ಚಾರಣಿಗ:
ಸಿಗಿರಿಯದ ವಿಷಯ. ಸುಮಾರು ಸಾವಿರದ ಇನ್ನೂರು ಮೆಟ್ಟಿಲು. ಅರ್ಧದವರೆಗೆ ಕಲ್ಲಿನ ಮೆಟ್ಟಿಲು, ಸಿಂಹದ ಪಂಜದಿಂದ ಮೇಲೆ ಬಂಡೆಗೆ ಅಂಟಿಸಿದ ಕಬ್ಬಿಣದ ಏಣಿ. ಮಂಡಿನೋವಿನವರನ್ನು ಹತ್ತಿಸಬೇಡಿ, ಇಳಿಯುವಾಗ ಅಳುತ್ತಾರೆ. ಆದರೆ ಕೆಳಗಿನ ನೀರಿನ ಉದ್ಯಾನ ಸಮತಟ್ಟು. ಐದನೆಯ ಶತಮಾನದ ಕಾರಂಜಿಗಳು, ಒಳ್ಳೆಯ ಮಳೆಯಾದಾಗ ಈಗಲೂ ಚಿಮ್ಮುತ್ತವೆ. ಅಮ್ಮನನ್ನು ಅಲ್ಲಿ ನೆರಳಿನಲ್ಲಿ ಕೂರಿಸಿ ನೀವು ಹತ್ತಿ ಬನ್ನಿ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಕಣಜದ ಗೂಡುಗಳಿವೆ, ಸದ್ದು ಮಾಡಬೇಡಿ ಎಂದು ಬರೆದ ಫಲಕ ತಮಾಷೆಗೆ ಹಾಕಿದ್ದಲ್ಲ.

ಖರ್ಚುಲೆಕ್ಕ:
ಸಿಗಿರಿಯ ಬಿಟ್ಟು ಎದುರಿನ ಪಿದುರಂಗಲ ಹತ್ತಿ. ಟಿಕೆಟ್ ತೀರಾ ಅಗ್ಗ, ಸಿಗಿರಿಯ ಬಂಡೆ ಪೂರ್ತಿ ಕಾಣುತ್ತದೆ.

ಚಾರಣಿಗ:
ಪಿದುರಂಗಲದ ಕೊನೆಯಲ್ಲಿ ಬಂಡೆಗಳ ನಡುವೆ ನುಸುಳಿ ಕೈಯೂರಿ ಹತ್ತಬೇಕು. ಅಲ್ಲಿಂದ ಕಾಣುವುದು ಬಂಡೆ ಮಾತ್ರ. ಚೆಲುವೆಯರ ಬಣ್ಣದ ಚಿತ್ರಗಳೂ ನುಣುಪಾದ ಕನ್ನಡಿ ಗೋಡೆಯೂ ಇರುವುದು ಸಿಗಿರಿಯದಲ್ಲಿ. ಸಾವಿರ ವರ್ಷದ ಹಿಂದೆ ಬಂದವರು ಆ ಚೆಲುವೆಯರ ಮೇಲೆ ಪದ್ಯ ಬರೆದು ಗೋಡೆಗೆ ಗೀಚಿ ಹೋಗಿದ್ದಾರೆ. ಪುರಾತತ್ತ್ವಜ್ಞ ಪರಣವಿತಾನ ಅವರು ಅಂಥ 685 ಪದ್ಯಗಳನ್ನು ಓದಿ ಪ್ರಕಟಿಸಿದ್ದಾರೆ.

ಅಜ್ಜಿಮೊಮ್ಮಗಳು:
ನಮ್ಮವರು ಇವತ್ತು ಬಾದಾಮಿ ಗುಹೆಯಲ್ಲಿ ಹೃದಯ ಕೆತ್ತಿ ಹೆಸರು ಬರೆದರೆ ಬೈಯುತ್ತೇವೆ. ಸಾವಿರ ವರ್ಷ ತಡೆದುಕೊಂಡರೆ ಅದೂ ಪರಂಪರೆಯೇ?

ಚಾರಣಿಗ:
ಛಂದಸ್ಸಿನಲ್ಲಿ ಬರೆದಿದ್ದರೆ ಯೋಚಿಸೋಣ. ಇನ್ನೊಂದು ಮಾತು: ಚಿತ್ರಗಳ ಫೋಟೊ ತೆಗೆಯುವುದು ನಿಷೇಧ. 1967ರಲ್ಲಿ ಯಾರೋ ಒಳನುಗ್ಗಿ ಬಣ್ಣ ಎರಚಿ ಹಾಳುಮಾಡಿದ್ದರು, ಕಷ್ಟಪಟ್ಟು ಉಳಿಸಿಕೊಂಡಿದ್ದಾರೆ. ಕಾವಲುಗಾರನ ಜೊತೆ ವಾದಕ್ಕೆ ನಿಲ್ಲಬೇಡಿ.

ನೀರಾವರಿ_ನಿವೃತ್ತ:
ಎಲ್ಲರೂ ಬಂಡೆಯ ತುದಿಯನ್ನೇ ನೋಡುತ್ತೀರಿ. ಸಿಗಿರಿಯ ಕಟ್ಟಿಸಿದ ರಾಜ ಕಾಶ್ಯಪ ತಂದೆ ಧಾತುಸೇನನನ್ನು ಸೆರೆ ಹಿಡಿದು, ಬಚ್ಚಿಟ್ಟ ನಿಧಿ ತೋರಿಸು ಎಂದು ಕಾಡಿದನಂತೆ. ಮುದುಕ ಅವನ ಜನರನ್ನು ತಾನು ಕಟ್ಟಿಸಿದ ಕಲಾ ವೆವ ಕೆರೆಗೆ ಕರೆದೊಯ್ದು, ನೀರಿಗಿಳಿದು ಮಿಂದು, ಬೊಗಸೆಯಲ್ಲಿ ನೀರೆತ್ತಿ 'ನನ್ನ ಆಸ್ತಿ ಇಷ್ಟೇ' ಎಂದನಂತೆ. ಮಗ ಅವನನ್ನು ಕೊಲ್ಲಿಸಿದ. ಬಂಡೆಯ ಅರಮನೆ ಕಾಶ್ಯಪ ಸತ್ತ ಮೇಲೆ ಭಿಕ್ಷುಗಳ ಪಾಲಾಯಿತು, ಕೆರೆಯ ನೀರು ಇವತ್ತಿಗೂ ಗದ್ದೆಗೆ ಹರಿಯುತ್ತಿದೆ.

ಆ ಕೆರೆಯಿಂದ ಅನುರಾಧಪುರಕ್ಕೆ ನೀರು ತಂದ ಜಯಗಂಗಾ ಕಾಲುವೆ ಸುಮಾರು 87 ಕಿಲೋಮೀಟರ್. ಮೊದಲ ಹದಿನೇಳು ಮೈಲಿಯಲ್ಲಿ ಇಳಿಜಾರು ಮೈಲಿಗೆ ಬರೀ ಆರು ಅಂಗುಲ! ನಾನು ಕಾಲುವೆಗಳ ಮೇಲೆ ಲೆವೆಲ್ ಹಿಡಿದು ತಲೆ ನರೆಸಿಕೊಂಡವನು. ಈಗಿನ ಉಪಕರಣ ಇಟ್ಟುಕೊಂಡೇ ಅಷ್ಟು ನಾಜೂಕಾಗಿ ತೆಗೆಯಲು ಬೆವರಿಳಿಯುತ್ತದೆ. ದಂಬುಲ್ಲದಿಂದ ಅನುರಾಧಪುರದ ದಾರಿಯಲ್ಲಿ ಸ್ವಲ್ಪ ಒಳಕ್ಕೆ ತಿರುಗಿದರೆ ಕಲಾ ವೆವ ಕೆರೆಯ ಏರಿ ಸಿಗುತ್ತದೆ, ಹತ್ತಿರದಲ್ಲೇ ಔಕನದ ನಿಂತ ಬುದ್ಧ. ಏಜೆಂಟರ ಪಟ್ಟಿಯಲ್ಲಿ ಕೆರೆ ಇರುವುದಿಲ್ಲ, ಏಕೆಂದರೆ ಅದಕ್ಕೆ ಟಿಕೆಟ್ ಇಲ್ಲ.

ಮಲೆನಾಡಮಳೆ:
ಆಹಾ, ಇದು ಗೊತ್ತಿರಲಿಲ್ಲ. ಕಲಾ ವೆವ ಪಟ್ಟಿಗೆ ಸೇರಿತು. ರತ್ನದ ಅಂಗಡಿ ಹೋಯಿತು. ಅನುರಾಧಪುರದ ಬಗ್ಗೆ ಯಾರಾದರೂ ವಿವರವಾಗಿ ಹೇಳಿ.

ಬೆಂಗಳೂರು_ಬೇಸರ:
ನಾನು ಹೇಳುತ್ತೇನೆ. ಬಿಸಿಲು. ಕಾಲು ಸುಡುವ ಕಲ್ಲು. ಇಟ್ಟಿಗೆಯ ಗುಡ್ಡ, ಅದರ ಪಕ್ಕ ಇನ್ನೊಂದು ಗುಡ್ಡ. ಜಗತ್ಪ್ರಸಿದ್ಧ ಬೋಧಿವೃಕ್ಷ ಎಂದು ಹೋದರೆ ಸಣಕಲು ಮರ, ಅದಕ್ಕೆ ಚಿನ್ನದ ಬಣ್ಣದ ಊರುಗೋಲು. ನಮ್ಮೂರ ಅರಳಿಕಟ್ಟೆಯ ಮರ ಇದರ ನಾಲ್ಕರಷ್ಟಿದೆ.

ಅಜ್ಜಿಮೊಮ್ಮಗಳು:
ನಿಮ್ಮೂರ ಅರಳಿಮರವನ್ನು ನೆಟ್ಟವರು ಯಾರೆಂದು ನಿಮಗೆ ಗೊತ್ತೇ? ಇದನ್ನು ತಂದವಳು ಅಶೋಕನ ಮಗಳು ಸಂಘಮಿತ್ರೆ, ನೆಡಿಸಿದವನು ಇಲ್ಲಿನ ರಾಜ ದೇವಾನಾಂಪಿಯ ತಿಸ್ಸ, ಕ್ರಿಸ್ತಪೂರ್ವ ಮೂರನೆಯ ಶತಮಾನ. ಮನುಷ್ಯರು ನೆಟ್ಟ, ನೆಟ್ಟ ಕಾಲ ತಿಳಿದಿರುವ ಮರಗಳಲ್ಲಿ ಇದಕ್ಕಿಂತ ಹಳೆಯದಿಲ್ಲ. ಆನೆ, ಬಿರುಗಾಳಿ, ದಾಳಿಕೋರರು ಎಲ್ಲವನ್ನೂ ದಾಟಿ ಬಂದಿದೆ. 1985ರಲ್ಲಿ ಅದರ ಆವರಣದಲ್ಲೇ ಬಂದೂಕುಧಾರಿಗಳು ಯಾತ್ರಿಕರನ್ನು ಕೊಂದರು. ದ್ವಾರದಲ್ಲಿ ಚೀಲ ತಪಾಸಣೆ ಮಾಡುವುದು ಸುಮ್ಮನೆ ಅಲ್ಲ.

ನೀವು ಹೋದ ಹೊತ್ತೇ ಸರಿಯಿಲ್ಲ. ಸಂಜೆ ಐದರ ಮೇಲೆ ಹೋಗಬೇಕು. ಮನೆಮಂದಿಯೆಲ್ಲ ಬಿಳಿ ಬಟ್ಟೆಯುಟ್ಟು, ತಟ್ಟೆಯಲ್ಲಿ ನೀಲಿ ನೈದಿಲೆ ಹಿಡಿದು ಬರುತ್ತಾರೆ. ನನ್ನ ಪಕ್ಕ ಕುಳಿತಿದ್ದ ಅಜ್ಜಿಯೊಬ್ಬರು ಮೊಗ್ಗುಗಳನ್ನು ಒಂದೊಂದಾಗಿ ಹಿಡಿದು, ಹೊರಗಿನ ದಳಗಳನ್ನು ಬೆರಳ ತುದಿಯಿಂದ ಹಿಂದಕ್ಕೆ ಮಡಚಿ ಅರಳಿಸಿ ಜೋಡಿಸುತ್ತಿದ್ದರು. ನನ್ನ ಕೈಗೂ ಎರಡು ಮೊಗ್ಗು ಕೊಟ್ಟು ಹಾಗೇ ಮಾಡು ಎಂದು ಸನ್ನೆ ಮಾಡಿದರು. ಭಾಷೆ ಬರದಿದ್ದರೂ ಕೆಲಸ ನಡೆಯಿತು. ಎಲೆ ಉದುರಿದರೆ ಹೆಕ್ಕಿಕೊಳ್ಳಲು ಮಕ್ಕಳಿಂದ ಮುದುಕರವರೆಗೆ ಓಡುತ್ತಾರೆ. ಅದು ಹಾಳೂರಲ್ಲ, ನಡೆಯುತ್ತಿರುವ ಗುಡಿ. ಎರಡು ಗಂಟೆಯಲ್ಲಿ ನೋಡಿ ಬರುತ್ತೇನೆ ಎನ್ನುವವರಿಗೆ ಇಟ್ಟಿಗೆಯೇ ಕಾಣುವುದು.

ಬೆಂಗಳೂರು_ಬೇಸರ:
ಸಂಜೆಯಾದರೂ ಮರದ ಗಾತ್ರ ಅಷ್ಟೇ ಇರುತ್ತದಲ್ಲವೇ?

ಕೊಲಂಬೊಕನ್ನಡಿಗ:
ಇಟ್ಟಿಗೆಯ ಗುಡ್ಡ ಎಂದು ಮೂಗು ಮುರಿಯುವವರಿಗೆ: ಜೇತವನಾರಾಮ ಸ್ತೂಪ ಕಟ್ಟಿದಾಗ ಸುಮಾರು 122 ಮೀಟರ್ ಎತ್ತರವಿತ್ತು. ಆ ಕಾಲದ ಜಗತ್ತಿನಲ್ಲಿ ಅದಕ್ಕಿಂತ ಎತ್ತರವಾಗಿದ್ದವು ಗೀಜಾದ ಎರಡು ಪಿರಮಿಡ್ ಮಾತ್ರ. ಒಂಬತ್ತು ಕೋಟಿಗೂ ಹೆಚ್ಚು ಇಟ್ಟಿಗೆ ಎಂದು ಲೆಕ್ಕ ಹಾಕಿದ್ದಾರೆ. ಈಗ ಉಳಿದಿರುವುದು ಎಪ್ಪತ್ತು ಮೀಟರ್ ಚಿಲ್ಲರೆ.

ರುವನ್ವೆಲಿಸಾಯ ಸ್ತೂಪದ ಕಥೆ ನನಗೆ ಇನ್ನೂ ಇಷ್ಟ. ಕಟ್ಟಿಸಿದ ರಾಜ ದುಟುಗೆಮುನು ಸ್ತೂಪ ಮುಗಿಯುವ ಮೊದಲೇ ಸಾವಿನ ಹಾಸಿಗೆ ಹಿಡಿದ. ತಮ್ಮ ಸದ್ಧಾತಿಸ್ಸ ಅರ್ಧ ಕಟ್ಟಿದ ಗೋಪುರಕ್ಕೆ ಬಿಳಿ ಬಟ್ಟೆ ಸುತ್ತಿಸಿ, ಮುಗಿಯಿತು ಅಣ್ಣ ಎಂದು ತೋರಿಸಿದನಂತೆ. ಇದೇ ದುಟುಗೆಮುನು ಯುದ್ಧದಲ್ಲಿ ಕೊಂದ ತಮಿಳು ರಾಜ ಎಲ್ಲಾಳನಿಗೆ ಸಮಾಧಿ ಕಟ್ಟಿಸಿ, ಅದರ ಮುಂದೆ ಹಾದುಹೋಗುವವರು ವಾದ್ಯ ನಿಲ್ಲಿಸಬೇಕು ಎಂದು ಕಟ್ಟಳೆ ಮಾಡಿದ್ದನ್ನು ಇಲ್ಲಿನ ಹಳೆಯ ಚರಿತ್ರೆಯ ಗ್ರಂಥ ಮಹಾವಂಸವೇ ಹೇಳುತ್ತದೆ. ಈಗಿನ ರಾಜಕಾರಣಿಗಳು ಮೊದಲ ಭಾಗವನ್ನು ಮಾತ್ರ ಭಾಷಣದಲ್ಲಿ ಹೇಳುತ್ತಾರೆ.

ನಿರ್ವಾಹಕ:
ರಾಜಕೀಯ ಬೇಡ ದಯವಿಟ್ಟು.

ಶಾಸನಪ್ರಿಯ:
ಪೊಲೊನ್ನರುವದ ಬಗ್ಗೆ ನಾಲ್ಕು ಮಾತು. ಚೋಳರು ಅನುರಾಧಪುರವನ್ನು ಸೂರೆ ಮಾಡಿ ರಾಜಧಾನಿಯನ್ನು ಇಲ್ಲಿಗೆ ತಂದರು. ಅವರ ಕಾಲದ ಎರಡನೆಯ ಶಿವ ದೇವಾಲಯ ಕಲ್ಲಿನಲ್ಲೇ ಕಟ್ಟಿದ್ದರಿಂದ ಇನ್ನೂ ಗಟ್ಟಿಯಾಗಿ ನಿಂತಿದೆ, ಅಮ್ಮನವರಿಗೆ ಖಂಡಿತ ತೋರಿಸಿ. ಚೋಳರನ್ನು 1070ರಲ್ಲಿ ಓಡಿಸಿದವನು ಒಂದನೆಯ ವಿಜಯಬಾಹು. ಅವನು ನಮ್ಮ ಕಲ್ಯಾಣದ ಚಾಲುಕ್ಯರ ಜೊತೆ ಸ್ನೇಹ ಬೆಳೆಸಿ ಕರ್ಣಾಟದ ದೊರೆಗೆ ಕಾಣಿಕೆ ಕೊಟ್ಟು ದೂತರನ್ನು ಕಳಿಸಿದ. ನಡುದಾರಿಯಲ್ಲಿ ಚೋಳರು ಆ ದೂತರ ಕಿವಿ ಮೂಗು ಕೊಯ್ದರು ಎಂದು ಮಹಾವಂಸದ ಮುಂದುವರಿಕೆಯಾದ ಚೂಳವಂಸದಲ್ಲಿದೆ. ಆಗ ಇಲ್ಲಿ ಆಳುತ್ತಿದ್ದವನು ಆರನೆಯ ವಿಕ್ರಮಾದಿತ್ಯ.

ಇನ್ನೊಂದು ನಂಟು: ನಮ್ಮ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕ ಸಂಘದ ಶಾಸನಗಳು ದ್ವೀಪದ ಉತ್ತರ ಮಧ್ಯ ಭಾಗದಲ್ಲಿ ಸಿಕ್ಕಿವೆ, ಪದವಿಯ, ವಾಹಲ್ಕಡದಂಥ ಕಡೆ. ಮಲಪ್ರಭೆಯ ದಡದ ಹೆಸರು ಅಷ್ಟು ದೂರದ ಕಾಡಿನಲ್ಲಿ!

ಬೆಂಗಳೂರು_ಬೇಸರ:
ಬಂತು ನೋಡಿ. ಎಲ್ಲಿ ಹೋದರೂ ಕನ್ನಡಿಗರೇ ಮೊದಲು ಎಂದು ಸಾಬೀತು ಮಾಡದೆ ನಿದ್ದೆ ಬರುವುದಿಲ್ಲ.

ಶಾಸನಪ್ರಿಯ:
ಶಾಸನಗಳು ತಮಿಳಿನಲ್ಲಿವೆ ಸ್ವಾಮಿ. ಸಂಘದಲ್ಲಿ ಎಲ್ಲ ಭಾಷೆಯವರೂ ಇದ್ದರು. ಮೊದಲು ಎಂದು ನಾನು ಎಲ್ಲಿ ಹೇಳಿದೆ? ಓದಿ, ಆಮೇಲೆ ಬೇಸರ ಮಾಡಿಕೊಳ್ಳಿ.

ಪುಟ್ಟಕ್ಕ_ಧಾರವಾಡ:
ಪೊಲೊನ್ನರುವದಲ್ಲಿ ಗಲ್ ವಿಹಾರಕ್ಕೆ ಸಮಯ ಉಳಿಸಿಕೊಳ್ಳಿ. ಒಂದೇ ಬಂಡೆಯಲ್ಲಿ ನಾಲ್ಕು ಮೂರ್ತಿ, ಮಲಗಿದ ಬುದ್ಧನೇ ಹದಿನಾಲ್ಕು ಮೀಟರ್. ದೂರದಿಂದ ಫೋಟೊ ತೆಗೆದು ತಿರುಗಿಬಿಡಬೇಡಿ. ತಲೆದಿಂಬಿನ ಹತ್ತಿರ ಹೋಗಿ ನೋಡಿ: ತಲೆಯ ಭಾರಕ್ಕೆ ದಿಂಬು ತಗ್ಗಿದ ಹಾಗೆ ಕಲ್ಲನ್ನು ಕೆತ್ತಿದ್ದಾರೆ. ಆಮೇಲೆ ಪಾದದ ಕಡೆ ಬನ್ನಿ. ಮೇಲಿನ ಪಾದ ಕೆಳಗಿನದಕ್ಕಿಂತ ತುಸು ಹಿಂದೆ ಸರಿದಿದೆ, ಅಂದರೆ ಇದು ನಿದ್ದೆಯಲ್ಲ, ಪರಿನಿರ್ವಾಣ. ಬಂಡೆಯ ಪದರಗಳ ಕಪ್ಪು ಗೆರೆ ಮುಖದ ಮೇಲೆ ಅಡ್ಡಲಾಗಿ ಹರಿದಿದ್ದರೂ ಕೆಟ್ಟದಾಗಿ ಕಾಣುವುದಿಲ್ಲ. ಮೇಲೆ ಹಾಕಿರುವ ಚಾವಣಿ ಮಾತ್ರ ನನಗೆ ಹಿಡಿಸಲಿಲ್ಲ.

ನೀರಾವರಿ_ನಿವೃತ್ತ:
ಚಾವಣಿ ಇಲ್ಲದಿದ್ದರೆ ಮಳೆ ಬಿಸಿಲಿಗೆ ಕಲ್ಲು ಸವೆಯುತ್ತದೆ. ನೋಟ ಕೆಟ್ಟರೂ ಮೂರ್ತಿ ಉಳಿಯಲಿ.

ಪುಟ್ಟಕ್ಕ_ಧಾರವಾಡ:
ಎಂಟುನೂರು ವರ್ಷದ ಮೇಲೆ ಉಳಿದಿಲ್ಲವೇ? ಇರಲಿ, ಎಂಜಿನಿಯರ್ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಖರ್ಚುಲೆಕ್ಕ:
ಯಾರೂ ದುಡ್ಡಿನ ಮಾತೇ ಎತ್ತಲಿಲ್ಲ. ಸಿಗಿರಿಯ, ಪೊಲೊನ್ನರುವ, ಅನುರಾಧಪುರ ಮೂರಕ್ಕೂ ವಿದೇಶಿಯರ ಟಿಕೆಟ್ ಡಾಲರ್ ಲೆಕ್ಕದಲ್ಲಿದೆ. ಆದರೆ ಭಾರತವೂ ಸೇರಿದ ಸಾರ್ಕ್ ದೇಶಗಳವರಿಗೆ ಸುಮಾರು ಅರ್ಧ ದರ. ಕೌಂಟರಿನಲ್ಲಿ ನೀವೇ ಕೇಳಬೇಕು, ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಮೊಬೈಲಿನಲ್ಲಿರುವ ಫೋಟೊ ಸಾಲದು. ಹೋಟೆಲ್ ಕೋಣೆಯಲ್ಲಿ ಪಾಸ್‌ಪೋರ್ಟ್ ಭದ್ರವಾಗಿಟ್ಟು ಬಂದವರು ಪೂರ್ತಿ ಹಣ ತೆತ್ತು ಹಲ್ಲು ಕಡಿಯುವುದನ್ನು ಕಣ್ಣಾರೆ ನೋಡಿದ್ದೇನೆ. ದಂಬುಲ್ಲ ಗುಹೆಯ ಟಿಕೆಟ್ ಕೆಳಗೇ ತೆಗೆದುಕೊಳ್ಳಿ. ಮೆಟ್ಟಿಲು ಹತ್ತಿದ ಮೇಲೆ ಕೊಡುವುದಿಲ್ಲ, ವಾಪಸು ಇಳಿಸುತ್ತಾರೆ.

ಚಾರಣಿಗ:
ದಂಬುಲ್ಲ ಅಮ್ಮ ನಿಧಾನವಾಗಿ ಹತ್ತಬಲ್ಲರು. ಐದು ಗುಹೆಗಳಲ್ಲಿ ಎರಡನೆಯದು ದೊಡ್ಡದು, ಒಳಗೆ ವಿಷ್ಣುವೂ ಇದ್ದಾನೆ. ಚಾವಣಿಯ ಏರುತಗ್ಗನ್ನು ಸಪಾಟು ಮಾಡದೆ ಬಂಡೆ ಹೇಗಿದೆಯೋ ಹಾಗೇ ಚಿತ್ರ ಬರೆದಿದ್ದಾರೆ, ಬಟ್ಟೆಯ ಡೇರೆಯೊಳಗೆ ನಿಂತ ಹಾಗಾಗುತ್ತದೆ.

ಅಜ್ಜಿಮೊಮ್ಮಗಳು:
ಉಡುಪಿನ ಬಗ್ಗೆಯೂ ಹೇಳಿಬಿಡುತ್ತೇನೆ. ಭುಜ, ಮಂಡಿ ಮುಚ್ಚಿರಬೇಕು. ಚಪ್ಪಲಿಯೂ ಟೋಪಿಯೂ ಹೊರಗೆ. ಕಾಲುಚೀಲ ಹಾಕಿಕೊಳ್ಳಬಹುದು, ಮಧ್ಯಾಹ್ನದ ಕಲ್ಲಿಗೆ ಅದು ಬೇಕೇ ಬೇಕು. ಬುದ್ಧನಿಗೆ ಬೆನ್ನು ಮಾಡಿ ಸೆಲ್ಫಿ ತೆಗೆದರೆ ಗದರಿಸುತ್ತಾರೆ. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆಯಿದ್ದ ಬ್ರಿಟಿಷ್ ಮಹಿಳೆಯನ್ನು ವಿಮಾನ ನಿಲ್ದಾಣದಲ್ಲೇ ಹಿಡಿದು ದೇಶದಿಂದ ಕಳಿಸಿದರು.

ಬೆಂಗಳೂರು_ಬೇಸರ:
ಹಚ್ಚೆಗೆ ಗಡೀಪಾರು! ಅತಿಯಾಯಿತು.

ಕೊಲಂಬೊಕನ್ನಡಿಗ:
ಅತಿಯೇ ಆಯಿತು. ಅವರು ಮೊಕದ್ದಮೆ ಹೂಡಿ, 2017ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿತು. ಆದರೂ ನಿಮಗೆ ಹಚ್ಚೆಯಿದ್ದರೆ ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ಗೆಲ್ಲುವ ಮೊಕದ್ದಮೆಯೂ ರಜೆಯನ್ನು ಹಾಳುಮಾಡುತ್ತದೆ.

ಕ್ಯಾಂಡಿಯಲ್ಲಿ ಬುದ್ಧನ ಹಲ್ಲು ಇಟ್ಟಿರುವ ಗುಡಿ ದಳದಾ ಮಾಳಿಗಾವದಲ್ಲಿ ಬೆಳಗಿನ ಜಾವ, ಒಂಬತ್ತೂವರೆ, ಸಂಜೆ ಆರೂವರೆಗೆ ಪೂಜೆ. ಸಂಜೆಯದಕ್ಕೆ ನೂಕುನುಗ್ಗಲು, ಅಮ್ಮನ ಜೊತೆ ಬೆಳಗಿನ ಜಾವದ್ದಕ್ಕೇ ಹೋಗಿ. ಕಾಣುವುದು ಚಿನ್ನದ ಕರಂಡಕ ಮಾತ್ರ, ದಂತಧಾತು ಅದರೊಳಗೆ. ಅದನ್ನೂ ಕಿಟಕಿಯ ಮುಂದೆ ಎರಡು ಕ್ಷಣ ನಿಂತು ನೋಡಿ ಮುಂದೆ ನಡೆಯಬೇಕು. ಕೆಳಗಿನ ಅಂಗಳದ ಡೋಲು ಮಾತ್ರ ಎಷ್ಟು ಹೊತ್ತು ಬೇಕಾದರೂ ಕೇಳಬಹುದು.

ತಿಂಡಿಪೋತ:
ಈಗ ಮುಖ್ಯ ವಿಷಯಕ್ಕೆ ಬರೋಣ. ಅನ್ನ, ಬೇಳೆ, ಹಲಸಿನ ಗುಜ್ಜೆ ಪಲ್ಯ ಎಲ್ಲ ಕಡೆ ಸಿಗುತ್ತದೆ. ಆದರೆ ಎಚ್ಚರ: ಕಾಯಿ ಚಟ್ನಿಯ ಹಾಗಿರುವ ಪೊಲ್ ಸಂಬೋಲ, ಸೊಪ್ಪಿನ ಪಲ್ಯ ಇವಕ್ಕೆ ಉಂಬಲಕಡ ಎಂಬ ಒಣಮೀನಿನ ಚೂರು ಬೆರೆಸುವ ರೂಢಿಯಿದೆ. ಮೀನು ಹಾಕಿದ್ದೀರಾ ಎಂದರೆ ಇಲ್ಲ ಎನ್ನುತ್ತಾರೆ, ಅವರಿಗೆ ಅದು ಮೀನಿನ ಲೆಕ್ಕವೇ ಅಲ್ಲ. ಉಂಬಲಕಡ ಎಂದೇ ಹೆಸರು ಹಿಡಿದು ಕೇಳಿ. ತಮಿಳರ ಸೈವ (ಸಸ್ಯಾಹಾರಿ) ಹೋಟೆಲುಗಳಲ್ಲಿ ಈ ತಲೆನೋವಿಲ್ಲ. ಮಡಕೆಯಲ್ಲಿ ಹೆಪ್ಪುಹಾಕಿದ ಎಮ್ಮೆ ಮೊಸರಿಗೆ ಬೈನೆ ಮರದ ಪಾಕ ಸುರಿದು ಕೊಡುತ್ತಾರೆ, ಅದನ್ನು ತಿನ್ನದೆ ಬರಬೇಡಿ. ಬೇಲದ ಹಣ್ಣಿನ ಪಾನಕ ವರ್ಷವಿಡೀ ಸಿಗುತ್ತದೆ, ರಾಮನವಮಿಗೆ ಕಾಯಬೇಕಾಗಿಲ್ಲ.

ಭಕ್ತಿಪಥ:
ರಾವಣನ ಊರಿನಲ್ಲಿ ರಾಮನವಮಿ ಪಾನಕ. ಶಾಸನಪ್ರಿಯರೇ, ಇದಕ್ಕಿಂತ ದಾಖಲೆ ಬೇಕೇ?

ಶಾಸನಪ್ರಿಯ:
ಇದನ್ನು ಒಪ್ಪಿದೆ.

ಮಲೆನಾಡಮಳೆ:
ಅಮ್ಮನಿಗೆ ಇಡೀ ಚರ್ಚೆ ಓದಿ ಹೇಳಿದೆ. ಮುನ್ನೇಶ್ವರಂ ಒಪ್ಪಿದರು, ಸೀತಾ ಎಲಿಯ ಬಿಡುವ ಮಾತೇ ಇಲ್ಲ, ರಾವಣನ ಗುಹೆ ಬಿಡಲು ತಯಾರು. ಆದರೆ ತ್ರಿಕೋಣಮಲೆಗೆ ಪಟ್ಟು ಹಿಡಿದಿದ್ದಾರೆ.

ಕೊಲಂಬೊಕನ್ನಡಿಗ:
ಹಾಗಿದ್ದರೆ ಸೇರಿಸಿಕೊಳ್ಳಿ. ದಂಬುಲ್ಲ ಕಡೆಯಿಂದ ನೂರು ಕಿಲೋಮೀಟರ್ ಚಿಲ್ಲರೆ, ರಸ್ತೆ ಚೆನ್ನಾಗಿದೆ, ಒಂದೇ ದಿನದಲ್ಲಿ ಹೋಗಿ ಬರಬಹುದು. ಅಲ್ಲಿನ ಶಿವನ ಗುಡಿ ಕೋಣೇಶ್ವರ ಇರುವುದು ಕೋಟೆಯೊಳಗೆ, ಕಡಲಿಗೆ ಚಾಚಿದ ಬಂಡೆಯ ತುದಿಯಲ್ಲಿ. ಹಳೆಯ ಗುಡಿಯನ್ನು ಪೋರ್ಚುಗೀಸರು 1622ರಲ್ಲಿ ಕೆಡವಿ ಕಲ್ಲುಗಳನ್ನು ಕೋಟೆಗೆ ಬಳಸಿದರು. ಈಗಿನ ಗುಡಿ ಹೊಸದು. 1950ರ ಸುಮಾರಿಗೆ ನೆಲ ಅಗೆಯುವಾಗ ಹಳೆಯ ಕಂಚಿನ ಮೂರ್ತಿಗಳು ಸಿಕ್ಕವು, 1956ರಲ್ಲಿ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಮತ್ತು ಜೊತೆಗಾರರು ಸಮುದ್ರದ ತಳದಲ್ಲಿ ಗುಡಿಯ ಅವಶೇಷಗಳನ್ನು ಕಂಡರು. ಕ್ಯಾಂಡಿಯಲ್ಲಿ ಸುತ್ತಾಟ ಕಡಿಮೆ ಮಾಡಿ.

ಚಾರಣಿಗ:
ಫೆಬ್ರವರಿ ಎಂದರೆ ಶ್ರೀಪಾದ ಬೆಟ್ಟದ ಯಾತ್ರೆಯ ಕಾಲ. ಡಿಸೆಂಬರ್ ಹುಣ್ಣಿಮೆಯಿಂದ ಮೇ ಹುಣ್ಣಿಮೆವರೆಗೆ ದಾರಿಯುದ್ದಕ್ಕೂ ದೀಪ ಇರುತ್ತದೆ. ರಾತ್ರಿ ಎರಡಕ್ಕೆ ಹೊರಟರೆ...

ಪುಟ್ಟಕ್ಕ_ಧಾರವಾಡ:
ಐದು ಸಾವಿರಕ್ಕೂ ಹೆಚ್ಚು ಮೆಟ್ಟಿಲು! ಅವರ ತಾಯಿಗೆ ಮಂಡಿನೋವು ಎಂದು ಎಷ್ಟು ಸಲ ಹೇಳಬೇಕು?

ಚಾರಣಿಗ:
ನಾನು ಹೇಳಿದ್ದು ಮಗನಿಗೆ.

ಮಲೆನಾಡಮಳೆ:
ನಾನು ಮಗಳು. ಮತ್ತು ಈ ಸಲ ಬೇಡ.

ಕರಾವಳಿಗಾಳಿ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ವಿಮಾನ ಬೇಡ, ತಮಿಳುನಾಡಿನಿಂದ ಹಡಗಿದೆ ಎನ್ನುತ್ತಾರಲ್ಲ?

ಕೊಲಂಬೊಕನ್ನಡಿಗ:
ಇದೆ. ನಾಗಪಟ್ಟಣದಿಂದ ಯಾಳ್ಪಾಣದ (ಜಾಫ್ನಾ) ಕಾಂಕೇಸಂತುರೈಗೆ 2023ರ ಅಕ್ಟೋಬರಿನಲ್ಲಿ ಮತ್ತೆ ಶುರುವಾಯಿತು. ಕಡಲು ಕೆರಳಿದಾಗ ನಿಲ್ಲಿಸುತ್ತಾರೆ, ಹಿಂದೆ ಮುಂದೆ ಒಂದೆರಡು ದಿನ ಬಿಡುವು ಇಟ್ಟುಕೊಂಡು ಹೊರಡಿ. ಇಳಿದ ಜಾಗದ ಹತ್ತಿರವೇ ಕೀರಿಮಲೆ, ನಗುಲೇಶ್ವರ ಗುಡಿ ಮತ್ತು ಕಡಲಂಚಿನ ಸಿಹಿನೀರಿನ ಕೊಳ. ಯಾಳ್ಪಾಣ ಪಟ್ಟಣದಲ್ಲಿ ನಲ್ಲೂರು ಕಂದಸ್ವಾಮಿ. ಗಂಡಸರು ಅಂಗಿ ಬಿಚ್ಚಿಯೇ ಒಳಗೆ ಹೋಗಬೇಕು.

ಕರಾವಳಿಗಾಳಿ:
ಉಡುಪಿಯವನಿಗೆ ಅಂಗಿ ಬಿಚ್ಚುವುದನ್ನು ಹೇಳಿಕೊಡುತ್ತೀರಾ? ಹಡಗಿನಲ್ಲಿ ಎಷ್ಟು ಕಿಲೋ ಸಾಮಾನು ಬಿಡುತ್ತಾರೆ, ಅದನ್ನು ಹೇಳಿ.